ಗುಜರಿಯಲ್ಲಿ ಸಿಕ್ಕ ಚಿತ್ತಾರದ ಪಿಂಗಾಣಿ: ತಳದ ಸೀಲು ನೋಡಿ ಕಾಲ ಹೇಳುವುದು ಹೇಗೆ?

ಹಿತ್ತಲಮನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಒಂದು ರಟ್ಟಿನ ಪೆಟ್ಟಿಗೆ ಪಿಂಗಾಣಿ ತಂದಿದ್ದೇನೆ. ಕೊಡಗಿನ ಎಸ್ಟೇಟ್ ಬಂಗಲೆಯ ಮಾಲು, ಎಲ್ಲವೂ 150 ವರ್ಷ ಹಳೆಯದು ಎನ್ನುತ್ತಾರೆ ಅಂಗಡಿಯವರು. ಅದಕ್ಕೆ ಕಾಗದಪತ್ರ ಏನೂ ಇಲ್ಲ. ತಳದಲ್ಲಿ ಕಂಡದ್ದನ್ನು ಹಾಗೇ ಬರೆಯುತ್ತೇನೆ.

1. ಊಟದ ತಟ್ಟೆ, ಕಂದು ಬಣ್ಣದ ಚಿತ್ತಾರ: ಬಿದಿರು, ಹಕ್ಕಿ, ಬೀಸಣಿಗೆ. ಹಿಂದೆ ಮಣ್ಣಿನೊಳಗೇ ಒತ್ತಿದ ‘ವೆಡ್ಜ್‌ವುಡ್’ ಎಂಬ ಇಂಗ್ಲಿಷ್ ಕಂಪನಿಯ ಹೆಸರು, ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ: ಎಲ್, ಪಿ, ಜಿ. ದೇಶದ ಹೆಸರಿಲ್ಲ.

2. ನೀಲಿ ಬೋಗುಣಿ: ಪಾಳುಬಿದ್ದ ಕಟ್ಟಡ, ಹೊಳೆ, ದನ ಕಾಯುವವರು. ನೀಲಿ ಸೀಲು: ‘ಕೋಪ್‌ಲ್ಯಾಂಡ್, ಸ್ಪೋಡ್ಸ್ ಇಟಾಲಿಯನ್, ಇಂಗ್ಲೆಂಡ್’. ಈ ಡಿಸೈನ್ 1816ರದು ಎಂದು ಓದಿದೆ. ಹಾಗಾದರೆ ಬೋಗುಣಿಯೂ 1816ರದೇ?

3. ಹೂವಿನ ಚಿಕ್ಕ ತಟ್ಟೆ, ಅಂಚಿಗೆ ಚಿನ್ನದ ಗೆರೆ. ಕಂಪನಿಯ ಹೆಸರು ಅಳಿಸಿದೆ. ‘ಇಂಗ್ಲೆಂಡ್’ ಮತ್ತು ‘ಆರ್‌ಡಿ ನಂ. 3045’ ಓದಲು ಬರುತ್ತದೆ. 3045 ಆದಮೇಲೆ ಇನ್ನೂ ಎರಡು ಅಂಕಿ ಇದ್ದ ಗುರುತಿದೆ.

4. ಜಪಾನಿನ ನೊರಿಟಾಕೆ ಕಂಪನಿಯ ಚಹಾದ ಕಪ್ಪು, ಬಸಿ. ಎರಡಕ್ಕೂ ಎಲೆಯ ಹಾರದ ಸೀಲು.

5. ದೊಡ್ಡ ಅಂಡಾಕಾರದ ತಟ್ಟೆ, ಕಡುನೀಲಿ. ಸಿಂಹ ಮತ್ತು ಕುದುರೆ ಇರುವ ರಾಜಲಾಂಛನ, ಕೆಳಗೆ ‘ವಿಕ್ಟೋರಿಯಾ ವೇರ್, ಐರನ್‌ಸ್ಟೋನ್’. ಮೈತುಂಬ ಸಣ್ಣ ಬಿರುಕು.

ಯಾವುದು ಯಾವ ಕಾಲದ್ದು? ಅದನ್ನು ಹೇಗೆ ತಿಳಿಯುವುದು? ಇವನ್ನು ದಿನಬಳಕೆಗೆ ಇಟ್ಟುಕೊಳ್ಳಬಹುದೇ?

---

ತಳಗುರುತು:

ಮೊದಲು ಎರಡನೆಯ ವಸ್ತುವಿನ, ಬೋಗುಣಿಯ ಪ್ರಶ್ನೆಗೆ ಬರೋಣ, ಎಲ್ಲರೂ ಎಡವುವ ಜಾಗ ಅದೇ. ಡಿಸೈನ್ ಹುಟ್ಟಿದ ವರ್ಷ ಬೇರೆ, ನಿಮ್ಮ ಕೈಯಲ್ಲಿರುವ ಬೋಗುಣಿ ಸುಟ್ಟ ವರ್ಷ ಬೇರೆ. ಸ್ಪೋಡ್ಸ್ ಇಟಾಲಿಯನ್ 1816ರಲ್ಲಿ ಶುರುವಾದದ್ದು ನಿಜ. ಆದರೆ ಅದನ್ನು ಮಾಡುವುದು ನಿಂತೇ ಇಲ್ಲ. ‘ಕೋಪ್‌ಲ್ಯಾಂಡ್’ ಹೆಸರೇ ನಿಮಗೆ ದಾರಿ ತೋರಿಸುತ್ತದೆ: ಸ್ಪೋಡ್ ಕಾರ್ಖಾನೆ 1833ರಲ್ಲಿ ಕೋಪ್‌ಲ್ಯಾಂಡ್ ಮತ್ತು ಗ್ಯಾರೆಟ್ ಕೈಗೆ ಬಂತು, 1847ರಿಂದ ಕೋಪ್‌ಲ್ಯಾಂಡ್ ಒಂದೇ ಹೆಸರು, 1970ರಲ್ಲಿ ಮತ್ತೆ ‘ಸ್ಪೋಡ್’. ‘ಇಂಗ್ಲೆಂಡ್’ ಸೇರಿರುವುದರಿಂದ ಕೆಳಗಿನ ಗಡಿ 1890ರ ಆಸುಪಾಸಿಗೆ ಬರುತ್ತದೆ. ಅಲ್ಲಿಗೆ ಸುಮಾರು 1890ರಿಂದ 1970. ಇದನ್ನು ಇನ್ನೂ ಕಿರಿದು ಮಾಡಬಹುದು. ಬೋಗುಣಿಯನ್ನು ಬೋರಲು ಹಾಕಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ತಳಕ್ಕೆ ತಾಗುವಷ್ಟು ತಗ್ಗಿನಲ್ಲಿ ಬಿಡಿ. ನೀಲಿ ಸೀಲಿನ ಹತ್ತಿರ ಮಣ್ಣಿಗೆ ಒತ್ತಿದ ಸಣ್ಣ ಗುರುತು ಕಾಣಬಹುದು: ಮೇಲೆ ಒಂದು ಅಕ್ಷರ, ಕೆಳಗೆ ಎರಡು ಅಂಕಿ. ಅಕ್ಷರ ತಿಂಗಳಿಗೆ, ಅಂಕಿ ವರ್ಷಕ್ಕೆ. ಗ್ಲೇಜು, ಅಂದರೆ ಗಾಜಿನಂಥ ಮೇಲ್ಪದರ, ಗುಂಡಿಯೊಳಗೆ ತುಂಬಿಕೊಂಡಿರುವುದರಿಂದ ನೇರ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಆಗಲೂ ಓದಲಾಗದಿದ್ದರೆ ಚಿಟಿಕೆ ಅಕ್ಕಿಹಿಟ್ಟು ಸವರಿ ಬೆರಳಲ್ಲಿ ಒರೆಸಿ, ಗುಂಡಿಯಲ್ಲಿ ಉಳಿದ ಬಿಳುಪಿನಿಂದ ಅಕ್ಷರ ಎದ್ದು ಕಾಣುತ್ತದೆ. ರಂಗೋಲಿ ಪುಡಿ ಬೇಡ, ಅದು ಗೀರುತ್ತದೆ.

‘ಇಂಗ್ಲೆಂಡ್’ ಪದಕ್ಕೆ ಯಾಕೆ ಇಷ್ಟು ಬೆಲೆ ಎಂದರೆ, ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ. 1891ರ ಮಾರ್ಚ್ 1ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕಾಯಿತು. ಇಂಗ್ಲೆಂಡಿನ ಪಿಂಗಾಣಿ ಊರಾದ ಸ್ಟೋಕ್-ಆನ್-ಟ್ರೆಂಟ್ ಕಡೆಯ ಕಾರ್ಖಾನೆಗಳಿಗೆ ಅಮೆರಿಕ ದೊಡ್ಡ ಗಿರಾಕಿ, ಹಾಗಾಗಿ ಸೀಲುಗಳೇ ಬದಲಾದವು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 20ನೇ ಶತಮಾನ. ‘ಬೋನ್ ಚೈನಾ’ ಎಂದು ಸೀಲಿನಲ್ಲೇ ಬರೆದಿದ್ದರೂ ಹಾಗೆಯೇ. ‘ಡಿಶ್‌ವಾಶರ್ ಸೇಫ್’ ಕಂಡರೆ ಅಜ್ಜಿಯ ಕಾಲದ ಆಸೆ ಬಿಟ್ಟುಬಿಡಿ, ಅದು 20ನೇ ಶತಮಾನದ ಉತ್ತರಾರ್ಧ. ‘ಎಸ್ಟಾಬ್ಲಿಷ್ಡ್ 1790’ ಎನ್ನುವಂಥದ್ದು ಕಂಪನಿ ಶುರುವಾದ ವರ್ಷ, ತಟ್ಟೆಯದ್ದಲ್ಲ. ಅಂಗಡಿಗಳಲ್ಲಿ ಹೇಳುವ ‘ಇನ್ನೂರು ವರ್ಷ ಹಳೆಯದು’ ಎಂಬ ಮಾತು ಬಹಳ ಸಲ ಹುಟ್ಟುವುದು ಈ ಸಾಲಿನಿಂದಲೇ.

ಮೂರನೆಯದು ಸುಲಭ. ‘ಆರ್‌ಡಿ ನಂ.’ ಎಂದರೆ ಡಿಸೈನಿನ ನೋಂದಣಿ ಸಂಖ್ಯೆ. ಬ್ರಿಟನ್ನಿನಲ್ಲಿ ಡಿಸೈನ್ ನೋಂದಣಿಗೆ 1884ರ ಜನವರಿಯಿಂದ 1, 2, 3 ಎಂದು ಓಡುವ ಸಂಖ್ಯೆ ಕೊಟ್ಟರು. 1885ರ ಆರಂಭಕ್ಕೆ ಅದು 19754, 1890ಕ್ಕೆ 141273, 1897ಕ್ಕೆ 291241, 1898ಕ್ಕೆ 311658. ನಿಮ್ಮದು 3045ರಿಂದ ಶುರುವಾಗುವ ಆರು ಅಂಕಿ. ಕೊನೆಯ ಎರಡು ಅಂಕಿ ಏನೇ ಇದ್ದರೂ ಅದು 1897ರೊಳಗೇ ಬೀಳುತ್ತದೆ. ಆದರೆ ಅದು ಡಿಸೈನ್ ನೋಂದಾಯಿಸಿದ ವರ್ಷ. ನೋಂದಣಿಯ ರಕ್ಷಣೆ ಇದ್ದದ್ದು 5 ವರ್ಷವಾದರೂ ಸಂಖ್ಯೆಯನ್ನು ಸೀಲಿನಿಂದ ತೆಗೆಯುವ ಗೋಜಿಗೆ ಎಷ್ಟೋ ಕಾರ್ಖಾನೆಗಳು ಹೋಗಲಿಲ್ಲ. ‘ಮೇಡ್ ಇನ್’ ಇಲ್ಲದೆ ಬರೀ ‘ಇಂಗ್ಲೆಂಡ್’ ಇರುವುದರಿಂದ 1897ರಿಂದ 1920ರ ಸುಮಾರಿನ ಒಳಗೆ ಎನ್ನುವುದು ನನ್ನ ಅಂದಾಜು.

ಈ ಸಂಖ್ಯೆಗೂ ಮೊದಲು, 1842ರಿಂದ 1883ರವರೆಗೆ, ವಜ್ರಾಕೃತಿಯ ಗುರುತು ಇತ್ತು. ನೆತ್ತಿಯ ವೃತ್ತದಲ್ಲಿ ರೋಮನ್ 4 ಇದ್ದರೆ ಪಿಂಗಾಣಿ, ಮಣ್ಣಿನ ಸಾಮಾನಿನ ವರ್ಗ. ವರ್ಷದ ಅಕ್ಷರ 1867ರವರೆಗೆ ಆ ವೃತ್ತದ ಕೆಳಗೇ, ವಜ್ರದ ಮೇಲಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. ಮುಂದೆ ಎಲ್ಲಾದರೂ ಸಿಕ್ಕಿದರೆ ನೆನಪಿರಲಿ.

---

ಕಂದುಹಕ್ಕಿ:

ವೆಡ್ಜ್‌ವುಡ್ ತಟ್ಟೆ ಈ ಪೆಟ್ಟಿಗೆಯ ಒಳ್ಳೆಯ ವಸ್ತು. ಆ ಮೂರು ಅಕ್ಷರ 1860ರಲ್ಲಿ ಶುರುವಾದ ದಿನಾಂಕದ ಗುರುತು: ಮೊದಲನೆಯದು ತಿಂಗಳು, ನಡುವಿನದು ಮಾಡಿದ ಕೆಲಸಗಾರ, ಕೊನೆಯದು ವರ್ಷ. 1864ರ ನಂತರದ ಪಟ್ಟಿಯಲ್ಲಿ ಎಲ್ ಎಂದರೆ ಜುಲೈ. ಜೆ ಜನವರಿಗೆ ಹೋಗಿತ್ತು, ಜೂನ್‌ಗೆ ಟಿ ಕೊಟ್ಟಿದ್ದರು.

ವರ್ಷದ ಅಕ್ಷರದಲ್ಲಿ ಒಂದು ತೊಡಕಿದೆ. 1860ಕ್ಕೆ ಓ ಇಟ್ಟು 1871ಕ್ಕೆ ಜೆಡ್ ಮುಟ್ಟಿತು. 1872ರಿಂದ ಎ ಶುರುವಾಗಿ 1897ಕ್ಕೆ ಮತ್ತೆ ಜೆಡ್. 1898ರಿಂದ ಮೂರನೆಯ ಸುತ್ತು. ಆದ್ದರಿಂದ ಜಿ ಅಂದರೆ 1878 ಅಥವಾ 1904, ನಡುವೆ ಸರಿಯಾಗಿ 26 ವರ್ಷ. ಯಾವುದೆಂದು ತೀರ್ಮಾನಿಸಲು ಹೊರಗಿನ ಸಾಕ್ಷಿ ಬೇಕು. ನಿಮ್ಮ ತಟ್ಟೆಯಲ್ಲಿ ‘ಇಂಗ್ಲೆಂಡ್’ ಇಲ್ಲ, 1904ರ ವೆಡ್ಜ್‌ವುಡ್ ಮಾಲಿನಲ್ಲಿ ಅದು ಇರುವುದೇ ರೂಢಿ. ಜತೆಗೆ ಬಿದಿರು, ಹಕ್ಕಿ, ಬೀಸಣಿಗೆಯನ್ನು ಕಂದು ಬಣ್ಣದಲ್ಲಿ ಅಚ್ಚು ಹಾಕುವುದು 1870, 80ರ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಹಬ್ಬಿದ್ದ ಜಪಾನಿ ಮೋಹದ ಫಲ. ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತವೆ: 1878ರ ಜುಲೈ.

ಒಂದು ಎಚ್ಚರಿಕೆ: ಒತ್ತಿದ ಗುರುತು ಮಣ್ಣು ಹಸಿಯಾಗಿದ್ದಾಗ ಹಾಕಿದ್ದು. ಖಾಲಿ ತಟ್ಟೆಗಳನ್ನು ಸುಟ್ಟು ಪೇರಿಸಿಟ್ಟು, ಬೇಡಿಕೆ ಬಂದಾಗ ಚಿತ್ತಾರ ಅಚ್ಚು ಹಾಕುವುದೂ ಇತ್ತು. ಆದ್ದರಿಂದ ಚಿತ್ತಾರದ ಕಾಲ ಸ್ವಲ್ಪ ಈಚೆಗೆ ಸರಿಯಬಹುದು. 1907ರಿಂದ ಮೊದಲ ಅಕ್ಷರದ ಜಾಗಕ್ಕೆ 3, 1924ರಿಂದ 4 ಬಂತು. ಹಾಗಾಗಿ ಆ ಕಾಲದ ತಟ್ಟೆಗಳಲ್ಲಿ ಈ ಗೊಂದಲವೇ ಇಲ್ಲ.

ನೊರಿಟಾಕೆ ಬಗ್ಗೆ ಹೇಳುವ ಮೊದಲು, ಹಾರದ ನಡುವೆ ಯಾವ ಅಕ್ಷರವಿದೆ ಎಂದು ನೋಡಿ ಹೇಳಿ. ಕಪ್ಪಿನದ್ದೂ ಬಸಿಯದ್ದೂ ಬೇರೆ ಬೇರೆಯಾಗಿ ನೋಡಿ.

---

ನೀಲಿಗೆರೆ:

ಸೀಲಿನ ಮಾತು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಸೀಲನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಮಣ್ಣು, ಅಚ್ಚು, ಸವೆತ ಈ ಮೂರೂ ಸೀಲಿನೊಂದಿಗೆ ಹೊಂದಬೇಕು. ಹೊಂದದಿದ್ದರೆ ಸೀಲನ್ನೇ ಅನುಮಾನಿಸಿ.

ಐದನೆಯ ತಟ್ಟೆ ಹೊಸದು. ‘ವಿಕ್ಟೋರಿಯಾ ವೇರ್’ ಎಂಬ ಹಳೇ ಕಾರ್ಖಾನೆ ಇರಲಿಲ್ಲ. ಹಳೇ ನೀಲಿ ಮಾಲಿನಂತೆ ಕಾಣಲೆಂದು ಮಾಡಿದ ಹೊಸ ಸರಕಿಗೆ ಹಾಕುವ ಸುಳ್ಳು ಸೀಲು ಅದು. ನೀವೇ ಖಾತ್ರಿ ಮಾಡಿಕೊಳ್ಳಬಹುದು. ಬಿರುಕುಗಳನ್ನು ನೋಡಿ: ತಟ್ಟೆ ತುಂಬ ಒಂದೇ ಅಳತೆಯ ಬಲೆ, ಎಲ್ಲ ಗೆರೆಯಲ್ಲೂ ಒಂದೇ ಕಂದು ಬಣ್ಣ ಇದ್ದರೆ ಅದು ಬೇಕೆಂದೇ ಬಿರಿಸಿ ಬಣ್ಣ ಹಿಡಿಸಿದ್ದು. ನಿಜವಾಗಿ ಹಳತಾದ ತಟ್ಟೆಯಲ್ಲಿ ಎಣ್ಣೆ, ಸಾರು ನಿಂತ ಕಡೆ ಕಲೆ ದಟ್ಟ, ಬೇರೆ ಕಡೆ ತೆಳು. ಸವೆತವೂ ಹಾಗೆಯೇ. ಚಾಕುವಿನ ಗೀರು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರಬೇಕು. ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳಲ್ಲಿ ಮೇಲಿನದರ ಪಾದ ಕೂತಲ್ಲಿ ವರ್ತುಲಾಕಾರದ ಸವೆತ ಇರುತ್ತದೆ. ಮರಳು ಕಾಗದದಲ್ಲಿ ತಿಕ್ಕಿದ್ದಾದರೆ ಗೀರುಗಳೆಲ್ಲ ಒಂದೇ ದಿಕ್ಕು.

ರಾಜಲಾಂಛನ ಕಂಡ ಕೂಡಲೇ ನಂಬಬೇಡಿ. ಅಸಲಿ ಲಾಂಛನದಲ್ಲೂ ಕಾಲದ ಸುಳಿವಿದೆ: 1837ಕ್ಕಿಂತ ಹಿಂದಿನದರಲ್ಲಿ ದೊಡ್ಡ ಗುರಾಣಿಯ ನಡುವೆ ಇನ್ನೊಂದು ಪುಟ್ಟ ಗುರಾಣಿ ಇರುತ್ತಿತ್ತು, ವಿಕ್ಟೋರಿಯಾ ರಾಣಿ ಬಂದ ಮೇಲೆ ಅದು ಹೋಯಿತು. ಅಂದಹಾಗೆ ಸಿಂಹದ ಎದುರಿರುವುದು ಕುದುರೆಯಲ್ಲ, ಒಂಟಿಕೊಂಬಿನ ಯೂನಿಕಾರ್ನ್.

ಈಗ ಅಚ್ಚು. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಒಂದು ಕೊಳ್ಳಿ, ಗಡಿಯಾರ ರಿಪೇರಿಯವರು ಬಳಸುವಂಥದ್ದು ಸಾಕು. ಇಟಾಲಿಯನ್ ಬೋಗುಣಿಯ ಆಕಾಶದ ಭಾಗವನ್ನು ಅದರಲ್ಲಿ ನೋಡಿ. ತಾಮ್ರದ ಫಲಕದಲ್ಲಿ ಕೆತ್ತಿದ ಗೆರೆ ತೆಳುವಾಗಿ ಹುಟ್ಟಿ, ನಡುವೆ ಉಬ್ಬಿ, ಮತ್ತೆ ಚೂಪಾಗಿ ಮುಗಿಯುತ್ತದೆ. ನೆರಳು ಕೊಡಲು ಸಣ್ಣ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ, ಆ ಚುಕ್ಕಿಗಳ ಗಾತ್ರ ಒಂದರಂತೆ ಒಂದಿಲ್ಲ. ಫಲಕಕ್ಕೆ ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಕಾಗದವನ್ನು ತಟ್ಟೆಯ ಮೇಲೆ ತಿಕ್ಕಿ, ಆಮೇಲೆ ನೀರಲ್ಲಿ ಕಾಗದ ತೊಳೆದು ತೆಗೆಯುವ ಪದ್ಧತಿ ಇದು. ಅಂಚಿನ ಪಟ್ಟಿಗೆ ಬೇರೆ ಕಾಗದ. ಅದರ ಎರಡು ತುದಿ ಸೇರುವ ಜಾಗ ಹುಡುಕಿ: ಒಂದು ಹೂವು ಅರ್ಧಕ್ಕೇ ತುಂಡಾಗಿರುತ್ತದೆ, ಇಲ್ಲವೇ ಗೆರೆ ಮೇಲೆ ಕೆಳಗೆ ಆಗಿರುತ್ತದೆ. ಕೊಳ್ಳುವವರು ಇದನ್ನು ದೋಷವೆಂದು ಬೆಲೆ ಇಳಿಸುತ್ತಾರೆ, ನನಗಂತೂ ಅದು ಕೈಕೆಲಸದ ಸಹಿ. ಇತ್ತೀಚಿನ ಯಂತ್ರದ ಅಚ್ಚಿನಲ್ಲಿ ಪತ್ರಿಕೆಯ ಬಣ್ಣದ ಚಿತ್ರದಂತೆ ಒಂದೇ ಸಾಲಿನ ಚುಕ್ಕಿ ಕಾಣುತ್ತದೆ, ಇಲ್ಲವೇ ಗೆರೆಗಳೆಲ್ಲ ಒಂದೇ ದಪ್ಪ.

ಮಣ್ಣು ತಿಳಿಯಲು ಮೂರು ಪರೀಕ್ಷೆ. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಹಿಂದೆ ಹಿಡಿದು, ತಟ್ಟೆಗೂ ಬೆಳಕಿಗೂ ನಡುವೆ ಬೆರಳು ಇಡಿ. ಬೆರಳ ನೆರಳು ಕಾಣುತ್ತಾ ಬೆಳಕು ಹಾಲುಬಿಳುಪಿನಲ್ಲಿ ಬೆಚ್ಚಗಿದ್ದರೆ ಬೋನ್ ಚೈನಾ. ಅದರ ಹದದಲ್ಲಿ ಸುಮಾರು ಅರ್ಧದಷ್ಟು ಸುಟ್ಟ ದನದ ಮೂಳೆಯ ಬೂದಿ ಇರುತ್ತದೆ. ಬೆಳಕು ನೀಲಿ, ಬೂದು ಕಡೆ ವಾಲಿದರೆ ಜಪಾನ್, ಜರ್ಮನಿ ಕಡೆಯ ಗಟ್ಟಿ ಪೋರ್ಸಲೀನ್ ಇರಬಹುದು. ಬೆಳಕೇ ಹಾಯದಿದ್ದರೆ ಅರ್ದನ್‌ವೇರ್, ಅಂದರೆ ಸಣ್ಣ ರಂಧ್ರಗಳಿರುವ ಮಣ್ಣಿನ ಸಾಮಾನು. ಎರಡನೆಯದು, ಗ್ಲೇಜಿಲ್ಲದ ಪಾದದ ಬಳೆಯ ಮೇಲೆ ಒಂದು ಹನಿ ನೀರು. ಅರ್ದನ್‌ವೇರ್ ಹೀರುತ್ತದೆ, ಪೋರ್ಸಲೀನ್ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಮೂರನೆಯದು ಸದ್ದು: ಬೆರಳ ತುದಿಗಳ ಮೇಲೆ ತಟ್ಟೆ ನಿಲ್ಲಿಸಿ ಉಗುರಿನಿಂದ ಅಂಚು ತಟ್ಟಿ. ಪೋರ್ಸಲೀನ್ ಖಣಿಲೆಂದು ಬಹಳ ಹೊತ್ತು ನುಡಿಯಬೇಕು, ಸದ್ದು ಮೊಂಡಾದರೆ ಎಲ್ಲೋ ಬಿರುಕಿದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚಿನಲ್ಲಿ ನೋಡಿದರೆ ಅಂಟು ಹಾಕಿದ್ದು, ಮೇಲೆ ಬಣ್ಣ ಬಳಿದದ್ದು ಸುತ್ತಲಿನ ಗ್ಲೇಜಿಗಿಂತ ಬೇರೆಯಾಗಿ ಹೊಳೆಯುತ್ತದೆ.

---

ಹಿತ್ತಲಮನೆ:

ಮೂವರಿಗೂ ತುಂಬ ಧನ್ಯವಾದ. ಪಕ್ಕದಿಂದ ಬೆಳಕು ಬಿಟ್ಟಾಗ ಬೋಗುಣಿಯಲ್ಲಿ ಒಂದು ಅಕ್ಷರವೂ ಕೆಳಗೆ 34 ಎಂದೂ ಕಂಡಿತು. ಅಂಚಿನ ಪಟ್ಟಿಯಲ್ಲಿ ತುಂಡಾದ ಜಾಗವೂ ಇದೆ. ವೆಡ್ಜ್‌ವುಡ್ ತಟ್ಟೆಯಲ್ಲಿ ಬೆಳಕು ಹಾಯುವುದಿಲ್ಲ. ನೊರಿಟಾಕೆ ಬಸಿಯ ಹಾರದೊಳಗೆ ಎಂ, ಸುತ್ತ ‘ಹ್ಯಾಂಡ್ ಪೇಂಟೆಡ್, ಮೇಡ್ ಇನ್ ಜಪಾನ್’. ಕಪ್ಪಿನ ಹಾರದೊಳಗೆ ಎನ್, ಕೆಳಗೆ ‘ಜಪಾನ್’ ಮಾತ್ರ. ಹೂವಿನ ತಟ್ಟೆಯ ಹಿಂದೆ ಕಂದು ಕಲೆ ಇದೆ, ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ಮನೆಯ ಹಿತ್ತಾಳೆಗೆಲ್ಲ ಅದನ್ನೇ ಹಾಕುತ್ತೇವೆ.

---

ಕಂದುಹಕ್ಕಿ:

34 ಅಂದರೆ ಬೋಗುಣಿ 1934ರದು. ತುಂಡಾದ ಅಂಚು ಕಾಗದದ ಅಚ್ಚನ್ನೂ ಖಚಿತಪಡಿಸಿತು. ವೆಡ್ಜ್‌ವುಡ್ ಬಗ್ಗೆಯೂ ಅನುಮಾನ ಉಳಿಯಲಿಲ್ಲ: ಆ ಮೂರಕ್ಷರದ ಗುರುತು ಅವರ ಅರ್ದನ್‌ವೇರಿಗೆ ಹಾಕುತ್ತಿದ್ದದ್ದು, ಅದರಲ್ಲಿ ಬೆಳಕು ಹಾಯಬಾರದು, ಹಾಯುತ್ತಿಲ್ಲ.

ಕಪ್ಪು, ಬಸಿ ಜೋಡಿಯಲ್ಲ. ಎಂ ಅಂದರೆ ಮೊರಿಮುರಾ, ಕಂಪನಿ ಕಟ್ಟಿದ ಮನೆತನ. 1904ರಲ್ಲಿ ನಗೋಯಾ ಬಳಿ ಕಾರ್ಖಾನೆ ಶುರು ಮಾಡಿದವರು. ಜಪಾನಿನ ಮಾಲಿನ ಮೇಲೆ 1891ರಿಂದ ‘ನಿಪ್ಪಾನ್’ ಎಂದಿರುತ್ತಿತ್ತು. ಅದು ಜಪಾನಿ ಪದ, ಇಂಗ್ಲಿಷಲ್ಲ ಎಂದು ಅಮೆರಿಕದ ಸುಂಕದವರು ತೀರ್ಮಾನಿಸಿದ ಮೇಲೆ, 1921ರಿಂದ ‘ಜಪಾನ್’ ಬಂತು. ಆದ್ದರಿಂದ ನಿಮ್ಮ ಬಸಿ ಹೆಚ್ಚುಕಡಿಮೆ 1920ರ ದಶಕದಿಂದ 1941ರವರೆಗಿನದು. ಹಾರದೊಳಗೆ ಎನ್ ಬಂದದ್ದು 1953ರಲ್ಲಿ, ಕಪ್ಪು ಅದರ ನಂತರದ್ದು. ನಡುವಿನ ಕಾಲದ ಮಾಲು ಗುರುತಿಸುವುದು ಇನ್ನೂ ಸುಲಭ: ಯುದ್ಧ ಮುಗಿದ ಹೊಸತರಲ್ಲಿ ಗುಣಮಟ್ಟ ತಮ್ಮ ಹೆಸರಿಗೆ ತಕ್ಕಂತಿಲ್ಲವೆಂದು ನೊರಿಟಾಕೆಯವರೇ ‘ರೋಸ್ ಚೈನಾ’ ಎಂಬ ಸೀಲು ಹಾಕಿದರು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1947ರಿಂದ 1952. ಕಪ್ಪನ್ನು ಬಸಿಯ ಗುಳಿಯಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿ ನೋಡಿ. ಬೇರೆ ಜೋಡಿಯಾದರೆ ಪಾದ ಗುಳಿಗೆ ಸರಿಯಾಗಿ ಕೂರದೆ ಅಲ್ಲಾಡುತ್ತದೆ, ಇಲ್ಲವೇ ಸುತ್ತ ಸಂದು ಉಳಿಯುತ್ತದೆ.

---

ನೀಲಿಗೆರೆ:

ಹುಣಸೆಹಣ್ಣು, ನಿಂಬೆಹಣ್ಣು ಎರಡೂ ಬೇಡ. ಹೂವಿನ ತಟ್ಟೆಯ ಬಣ್ಣ ಗ್ಲೇಜಿನ ಮೇಲೆ ಇದೆಯೋ ಒಳಗಿದೆಯೋ ಮೊದಲು ಬೆರಳಾಡಿಸಿ ನೋಡಿ. ಹೂವು ಉಬ್ಬು ಉಬ್ಬಾಗಿ ಕೈಗೆ ಸಿಕ್ಕರೆ ಬಣ್ಣ ಮೇಲಿದೆ. ಅಂಥ ಬಣ್ಣ ಕಡಿಮೆ ಶಾಖದಲ್ಲಿ ಸುಟ್ಟದ್ದು, ಹುಳಿ ತಾಗಿದರೆ ಮಂಕಾಗುತ್ತದೆ, ಹಳೇ ಬಣ್ಣದಲ್ಲಿ ಸೀಸ ಇದ್ದರೆ ಅದು ಕರಗಿ ಹೊರಬರುತ್ತದೆ. ಬ್ಲೀಚಿಂಗ್ ದ್ರಾವಣ ಇನ್ನೂ ಕೆಟ್ಟದ್ದು. ಬಿರುಕಿನೊಳಗೆ ಇಳಿದ ಲವಣ ಒಣಗಿ ಹರಳಾಗುವಾಗ ಗ್ಲೇಜನ್ನು ಒಳಗಿನಿಂದ ಎಬ್ಬಿಸಿ ಚಕ್ಕೆ ಕೀಳಿಸುತ್ತದೆ, ಅದೂ ವಾರಗಳ ನಂತರ.

ಅರ್ದನ್‌ವೇರಿನ ಕಲೆಗೆ ಹೀಗೆ ಮಾಡಿ. ತಟ್ಟೆಯನ್ನು ಒಂದು ದಿನ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ಬೋರ್‌ವೆಲ್ ನೀರು ಬೇಡ. ಮಣ್ಣಿನ ರಂಧ್ರಗಳಲ್ಲಿ ಮೊದಲೇ ನೀರು ತುಂಬಿದ್ದರೆ ಕರಗಿದ ಕಲೆ ಇನ್ನೂ ಒಳಕ್ಕೆ ಇಳಿಯುವುದಿಲ್ಲ. ಆಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ 6% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ, ಕಲೆಯ ಮೇಲಷ್ಟೇ ಹರಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಕೈಗವಸು ಹಾಕಿಕೊಳ್ಳಿ. ಹತ್ತಿ ಒಣಗಲು ಬಿಡದೆ ಬದಲಿಸುತ್ತಾ ಇರಿ. ಕಲೆ ಹೋಗಲು ದಿನಗಳೇ ಹಿಡಿಯಬಹುದು. ಅವಸರಕ್ಕೆ ಓವನ್ನಿನಲ್ಲಿ ಬಿಸಿ ಮಾಡಿದರೆ ಬಿರುಕು ಹಬ್ಬುತ್ತದೆ. ಕೊನೆಗೆ ಮತ್ತೆ ಬಟ್ಟಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಚಿನ್ನದ ಗೆರೆಗೂ ಉಬ್ಬಿದ ಬಣ್ಣಕ್ಕೂ ಪೆರಾಕ್ಸೈಡ್ ತಾಗಿಸಬೇಡಿ. ಪಾತ್ರೆ ತೊಳೆಯುವ ಪುಡಿ, ತಂತಿಜುಂಗು ಯಾವುದಕ್ಕೂ ಬೇಡ.

---

ತಳಗುರುತು:

ಬಳಕೆಯ ಪ್ರಶ್ನೆ ಹಾಗೇ ಉಳಿದಿತ್ತು. 1878ರ ತಟ್ಟೆಯನ್ನೂ ಹೂವಿನ ತಟ್ಟೆಯನ್ನೂ ಗೋಡೆಗೋ ಕಪಾಟಿಗೋ ಇಡಿ. ಬೋಗುಣಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಇಡಲು ಅಡ್ಡಿಯಿಲ್ಲ. ಮೊಸರು, ಉಪ್ಪಿನಕಾಯಿ, ಸಾರು, ಹುಳಿ ಯಾವುದನ್ನೂ ಹಳೇ ಪಿಂಗಾಣಿಯಲ್ಲಿ ಹಾಕಿಡಬೇಡಿ. ಸೀಸ ಬಿಡುತ್ತದೋ ಇಲ್ಲವೋ ಎಂಬುದನ್ನು ಪ್ರಯೋಗಾಲಯದಲ್ಲಿ 4% ಅಸಿಟಿಕ್ ಆಮ್ಲವನ್ನು 24 ಗಂಟೆ ತುಂಬಿಟ್ಟು ಅಳೆಯುತ್ತಾರೆ. ಮನೆಯಲ್ಲಿ ಒರೆಸಿ ನೋಡುವ ಕಡ್ಡಿಗಳು ಅದಕ್ಕೆ ಸಮವಲ್ಲ. ಚಿನ್ನದ ಗೆರೆ ಇರುವುದು ಮೈಕ್ರೋವೇವಿಗೆ ಹೋಗಲೇಬಾರದು, ಕಿಡಿ ಹಾರುತ್ತದೆ.

ಇನ್ನೊಂದು ವಿಷಯ, ನಮ್ಮ ಕಡೆ ಸಿಗುವ ಮಾಲಿಗೇ ಸಂಬಂಧಿಸಿದ್ದು. ದೇಶದ ಹೆಸರು ಬರೆಯುವ ಆ ನಿಯಮ ಅಮೆರಿಕಕ್ಕೆ ಹೋಗುವ ಸರಕಿಗೆ ಮಾತ್ರ. ಭಾರತಕ್ಕೆ ಬಂದ ತಟ್ಟೆಯಲ್ಲಿ ‘ಇಂಗ್ಲೆಂಡ್’ ಇಲ್ಲ ಎಂಬ ಒಂದೇ ಕಾರಣಕ್ಕೆ ಅದು 1891ಕ್ಕಿಂತ ಹಳೆಯದು ಎನ್ನಲಾಗದು. ನಿಮ್ಮ ವೆಡ್ಜ್‌ವುಡ್ಡಿಗೆ ವರ್ಷದ ಅಕ್ಷರವೂ ಚಿತ್ತಾರದ ಶೈಲಿಯೂ ಆಸರೆಗಿದ್ದವು. ಬೇರೆ ತಟ್ಟೆಗೆ ಅವು ಇಲ್ಲದಿದ್ದರೆ ಕ್ಲಬ್ಬು, ಪಲ್ಟನ್ನು, ರೈಲ್ವೆಯ ಲಾಂಛನ ಇದೆಯೇ ನೋಡಿ. ಉದಾಹರಣೆಗೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆ ಹೆಸರಿನಲ್ಲಿ ಇದ್ದದ್ದು 1908ರಿಂದ, 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಗೆ ಸೇರುವ ತನಕ. ಅದರ ಮೊದಲಕ್ಷರಗಳಿರುವ ಕಪ್ಪು ಸಿಕ್ಕರೆ ಕಾರ್ಖಾನೆಯ ಸೀಲು ಪೂರ್ತಿ ಅಳಿಸಿದ್ದರೂ ಎರಡೂ ತುದಿಯ ಗಡಿ ನಿಮಗೆ ಸಿಕ್ಕಂತೆ.

ಐದನೆಯ ತಟ್ಟೆಯನ್ನು ಮರಳಿ ಕೊಡುವುದಾದರೆ ಸೀಲು, ಪಾದದ ಬಳೆ, ಬಿರುಕು ಮೂರರ ಫೋಟೋ ತೆಗೆದುಕೊಂಡೇ ಹೋಗಿ.